ನಾಲ್ಕು ಸಹಿ, ಮೂರು ಬೀಗದ ಕೈ: ಶಾಂಪೇನ್ ಊರಿನ ಒಂದು ಬಾಡಿಗೆ ಮನೆಯ ಪ್ರಕರಣ

2025ರ ಮೇ ತಿಂಗಳ ಮೊದಲ ವಾರ. ದಾವಣಗೆರೆ, ಮೈಸೂರು, ಪುಣೆ, ವಿಜಯವಾಡದ ನಾಲ್ವರು ಹುಡುಗರು ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಊರಿನ ಒಂದು ಅಪಾರ್ಟ್‌ಮೆಂಟಿನ ಬಾಡಿಗೆ ಕರಾರಿಗೆ ಆನ್‌ಲೈನಿನಲ್ಲೇ ಸಹಿ ಹಾಕಿದರು. ನಾಲ್ವರಿಗೂ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. ಪರಿಚಯವಾಗಿದ್ದು ವಾಟ್ಸಾಪ್ ಗುಂಪಿನಲ್ಲಿ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಮನೆಯನ್ನಂತೂ ನೋಡಿರಲೇ ಇಲ್ಲ. ಆಗಸ್ಟಿನಲ್ಲಿ ಬೀಗದ ಕೈ ಪಡೆದವರು ಮೂವರು ಮಾತ್ರ. ದಾವಣಗೆರೆಯ ಹುಡುಗನ ವೀಸಾ ಬರಲಿಲ್ಲ.

ಅವನ ಪಾಲಿನ ಬಾಡಿಗೆ ಯಾರು ಕಟ್ಟಬೇಕು? ಈ ಪ್ರಶ್ನೆ ಬಗೆಹರಿಯಲು ಡಿಸೆಂಬರ್ ಬಂತು. ಶಾಂಪೇನ್-ಅರ್ಬಾನಾ ಅವಳಿ ಊರುಗಳಿಗೆ ಹೊಸದಾಗಿ ಬರುವ ಕನ್ನಡದ ಮಕ್ಕಳಿಗೆ ಮನೆ ಹುಡುಕುವುದರಲ್ಲಿ ನೆರವಾಗುವವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ಕಂಡೆ. ನಾಲ್ವರ ಒಪ್ಪಿಗೆ ಕೇಳಿ, ಹೆಸರು, ವಿಭಾಗ, ಬೀದಿಯ ಗುರುತು ಬಿಟ್ಟು ಬರೆಯುತ್ತಿದ್ದೇನೆ. ಮನೆ ಹುಡುಕುವಾಗ ನಮ್ಮ ಮಕ್ಕಳೂ ಅವರ ತಂದೆತಾಯಿಯೂ ಬಾಡಿಗೆ ಎಷ್ಟು, ಕ್ಯಾಂಪಸ್ ಎಷ್ಟು ದೂರ, ಇಂಡಿಯನ್ ಅಂಗಡಿ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಕರಾರು ಜಂಟಿಯೋ ಒಬ್ಬೊಬ್ಬರಿಗೆ ಬೇರೆಬೇರೆಯೋ ಎಂದು ಕೇಳುವವರು ತೀರ ಕಡಿಮೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಊರಿನ ರೀತಿ

ಶಾಂಪೇನ್ ಮತ್ತು ಅರ್ಬಾನಾ ಒಂದಕ್ಕೊಂದು ಅಂಟಿಕೊಂಡ ಎರಡು ಊರು. ಷಿಕಾಗೋದಿಂದ ದಕ್ಷಿಣಕ್ಕೆ ಸುಮಾರು 135 ಮೈಲಿ. ಸುತ್ತ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ, ಸೋಯಾಬೀನ್ ಹೊಲಗಳು. 1867ರಲ್ಲಿ ಶುರುವಾದ ವಿಶ್ವವಿದ್ಯಾಲಯವೇ ಊರಿನ ಜೀವನಾಡಿ. ಹಾಗಾಗಿ ಮನೆ ಬಾಡಿಗೆಯೂ ವಿಶ್ವವಿದ್ಯಾಲಯದ ಪಂಚಾಂಗದಂತೆಯೇ ನಡೆಯುತ್ತದೆ. ಕ್ಯಾಂಪಸ್ ಸುತ್ತಲಿನ ಖಾಸಗಿ ಮನೆಗಳ ಲೀಸ್, ಅಂದರೆ ಬಾಡಿಗೆ ಕರಾರು, ಸಾಮಾನ್ಯವಾಗಿ ಆಗಸ್ಟ್ ನಡುವಿನಲ್ಲಿ ಶುರುವಾಗಿ ಮರುವರ್ಷದ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಮುಗಿಯುತ್ತದೆ. ಮುಂದಿನ ವರ್ಷದ ಮನೆಗೆ ಈ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಸಹಿ ಹಾಕಿಸಿಕೊಳ್ಳಲು ಆರಂಭಿಸುತ್ತಾರೆ. ನಮ್ಮ ಮಕ್ಕಳಿಗೆ ಎಂ.ಎಸ್. ಪ್ರವೇಶದ ಪತ್ರ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಅಷ್ಟರಲ್ಲಿ ಹತ್ತಿರದ ಒಂದು ಕೋಣೆಯ, ಎರಡು ಕೋಣೆಯ ಮನೆಗಳು ಬಹುಪಾಲು ಹೋಗಿರುತ್ತವೆ. ಉಳಿದಿರುವುದು ನಾಲ್ಕು ಬೆಡ್‌ರೂಮಿನ ದೊಡ್ಡ ಮನೆಗಳು. ಗೊತ್ತಿಲ್ಲದ ನಾಲ್ವರು ಒಂದು ಕರಾರಿನೊಳಗೆ ಬರುವುದು ಹೀಗೆ.

ವಿಶ್ವವಿದ್ಯಾಲಯದ ವಸತಿಯೂ ಇದೆ. ಪದವಿ ಓದಲು ಹೊಸದಾಗಿ ಬರುವವರು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲೋ ಅದು ಮಾನ್ಯ ಮಾಡಿದ ಖಾಸಗಿ ವಸತಿಯಲ್ಲೋ ಇರಬೇಕೆಂಬ ನಿಯಮವಿರುವುದರಿಂದ ಅವರಿಗೆ ಈ ಪರದಾಟವಿಲ್ಲ. ಎಂ.ಎಸ್., ಪಿಎಚ್.ಡಿ.ಯವರಿಗೆ ಡ್ಯಾನಿಯಲ್ಸ್, ಶೆರ್ಮನ್ ಹಾಸ್ಟೆಲುಗಳಿವೆ. ಅರ್ಬಾನಾದ ದಕ್ಷಿಣಕ್ಕೆ ಆರ್ಚರ್ಡ್ ಡೌನ್ಸ್ ಅಪಾರ್ಟ್‌ಮೆಂಟುಗಳಿವೆ. ನಮ್ಮ ನಾಲ್ವರೂ ಇವನ್ನು ನೋಡಿ, ಖಾಸಗಿ ಮನೆ ಅಗ್ಗವೆಂದು ಅತ್ತ ಹೊರಟರು.

ಲೆಕ್ಕ ಹೀಗಿತ್ತು: ಪೀಠೋಪಕರಣ ಸಮೇತ ನಾಲ್ಕು ಬೆಡ್‌ರೂಮು, ಇಡೀ ಮನೆಗೆ ತಿಂಗಳಿಗೆ 2,400 ಡಾಲರ್, ತಲೆಗೆ 600. ಡಿಪಾಸಿಟ್ ಒಂದು ತಿಂಗಳ ಬಾಡಿಗೆ. ಅಮೆರಿಕದಲ್ಲಿ ಕ್ರೆಡಿಟ್ ಇತಿಹಾಸವಿಲ್ಲದ, ಅಲ್ಲಿಯ ಸರ್ಕಾರ ಕೊಡುವ ಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಇಲ್ಲದ, ಅಲ್ಲಿಯದೇ ಜಾಮೀನುದಾರರೂ ಇಲ್ಲದ ವಿದ್ಯಾರ್ಥಿಗಳಿಂದ ಮನೆಯವರು, ಅಂದರೆ ಮಾಲೀಕರು, ಹೆಚ್ಚುವರಿ ಭದ್ರತೆ ಕೇಳುವುದು ವಾಡಿಕೆ. ಇಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳಿದರು. ಅಂದರೆ ಮನೆಯ ಹೊಸ್ತಿಲು ತುಳಿಯುವ ಮೊದಲೇ ಒಬ್ಬೊಬ್ಬರೂ ಭಾರತದಿಂದ 1,200 ಡಾಲರ್ ಕಳಿಸಿದ್ದರು.

ಬೆಂಗಳೂರಿನಲ್ಲಿ ಮನೆ ಹಿಡಿದು ಗೊತ್ತಿರುವ ತಂದೆತಾಯಿಗೆ ಇದು ಬಲು ಸಲೀಸು ಅನ್ನಿಸಿತ್ತು. ಅಲ್ಲಿ ಆರು ತಿಂಗಳ, ಹತ್ತು ತಿಂಗಳ ಅಡ್ವಾನ್ಸ್ ಕೇಳುವವರಿದ್ದಾರೆ. ಇಲ್ಲಿ ಒಂದೇ ತಿಂಗಳು! ಆದರೆ ಬೆಂಗಳೂರಿನ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಒಂದೆರಡು ತಿಂಗಳ ನೋಟಿಸ್ ಕೊಟ್ಟರೆ ಮನೆ ಬಿಡಬಹುದು. ಶಾಂಪೇನಿನ ಲೀಸಿನಲ್ಲಿ ಆ ದಾರಿಯೇ ಇಲ್ಲ. ಇಡೀ ವರ್ಷಕ್ಕೆ 28,800 ಡಾಲರ್ ಕೊಡುತ್ತೇವೆಂದು ಒಪ್ಪಿ, ಅದನ್ನು ಹನ್ನೆರಡು ಕಂತು ಮಾಡಿಕೊಂಡಿದ್ದಾರೆ, ಅಷ್ಟೇ. ತಿಂಗಳ ಬಾಡಿಗೆ ಎಂದು ನಾವು ಅಂದುಕೊಳ್ಳುವುದು ನಿಜದಲ್ಲಿ ವರ್ಷದ ಸಾಲದ ಒಂದು ಕಂತು.

ವೀಸಾ ನಿಂತದ್ದು

ವಿಜಯವಾಡದವನಿಗೆ ಏಪ್ರಿಲಿನಲ್ಲೇ ವೀಸಾ ಆಗಿತ್ತು. ಮೈಸೂರು, ಪುಣೆಯವರಿಗೆ ಮೇ ನಡುವೆ ಆಯಿತು. ದಾವಣಗೆರೆಯವನಿಗೆ ಬ್ಯಾಂಕಿನ ಸಾಲದ ಮಂಜೂರಾತಿ ಪತ್ರ ತಡವಾಯಿತು. ಓದಿನ ಖರ್ಚಿಗೆ ಹಣವಿದೆ ಎಂದು ತೋರಿಸದೆ ವಿಶ್ವವಿದ್ಯಾಲಯ ಐ-20 ಎಂಬ ಪ್ರವೇಶದ ದಾಖಲೆ ಕೊಡುವುದಿಲ್ಲ. ಐ-20 ಇಲ್ಲದೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಹೋಗುವಂತಿಲ್ಲ. ಅವನ ಕೈಗೆ ಐ-20 ಬಂದದ್ದು ಮೇ ಮೂರನೆಯ ವಾರ. ಸಂದರ್ಶನದ ಸ್ಲಾಟ್ ಹುಡುಕುತ್ತಿರುವಾಗಲೇ, ಮೇ 27ರಂದು, ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನ ನಿಗದಿ ಮಾಡುವುದನ್ನು ನಿಲ್ಲಿಸುವಂತೆ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಕಚೇರಿಗಳಿಗೆಲ್ಲ ಸೂಚಿಸಿತು. ಜೂನ್ 18ರಂದು ಮತ್ತೆ ಆರಂಭಿಸುವುದಾಗಿ ಹೇಳಿದಾಗ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳು ಸಾರ್ವಜನಿಕವಾಗಿ ತೆರೆದಿರಬೇಕೆಂಬ ಷರತ್ತೂ ಸೇರಿತ್ತು. ಮೂರು ವಾರ ಕಟ್ಟಿ ನಿಂತ ಅರ್ಜಿಗಳೆಲ್ಲ ಒಟ್ಟಿಗೆ ಸ್ಲಾಟಿಗೆ ಮುಗಿಬಿದ್ದವು. ಆ ಜೂನ್ ತಿಂಗಳು ಎಷ್ಟು ಮನೆಗಳಲ್ಲಿ ನಿದ್ದೆ ಕೆಡಿಸಿತೋ ಹೇಳಲಾರೆ.

ಅವನಿಗೆ ಚೆನ್ನೈನಲ್ಲಿ ಜುಲೈ ಕೊನೆಗೆ ಸಂದರ್ಶನ ಸಿಕ್ಕಿತು. ಅಧಿಕಾರಿ ವೀಸಾ ನಿರಾಕರಿಸಿಬಿಡಲಿಲ್ಲ, ಕೊಡಲೂ ಇಲ್ಲ. 221(ಜಿ) ಎಂಬ ಚೀಟಿ ಕೊಟ್ಟು, ಹೆಚ್ಚಿನ ಪರಿಶೀಲನೆ ಬಾಕಿಯಿದೆ ಎಂದರು. ಎಷ್ಟು ದಿನ ಎಂದು ಆ ಚೀಟಿಯಲ್ಲಿ ಇರುವುದಿಲ್ಲ. ಪೂರಾ ನಿರಾಕರಣೆಯಾಗಿದ್ದರೆ ಮನೆ ಬಿಡುವ ಮಾತನ್ನು ಆ ದಿನವೇ ಆಡಬಹುದಿತ್ತು. ಈ ಚೀಟಿ ಇಂದೋ ನಾಳೆಯೋ ಎಂಬ ಆಸೆ ಉಳಿಸುತ್ತದೆ. ಆಸೆಯಿರುವವರೆಗೆ ಯಾರೂ ಬದಲಿ ಬಾಡಿಗೆದಾರನನ್ನು ಹುಡುಕುವುದಿಲ್ಲ. ಅವನೂ ಹುಡುಕಲಿಲ್ಲ. ಆಗಸ್ಟಿನ ಕಂತು 600 ಡಾಲರನ್ನು ಆಸೆಯಿಂದಲೇ ಕಳಿಸಿದ. ತಿಂಗಳ ಕೊನೆಗೆ ತರಗತಿಗಳು ಶುರುವಾದವು, ತಡವಾಗಿ ಬಂದು ಸೇರಲು ಇದ್ದ ಗಡುವೂ ದಾಟಿತು. ವಿಭಾಗದವರ ಒಪ್ಪಿಗೆ ಪಡೆದು ಪ್ರವೇಶವನ್ನು 2026ರ ಜನವರಿಯಲ್ಲಿ ಶುರುವಾಗುವ ಸ್ಪ್ರಿಂಗ್ ಸೆಮಿಸ್ಟರಿಗೆ ಮುಂದೂಡಿಕೊಂಡ.

ಸೆಪ್ಟೆಂಬರ್ ಒಂದು

ಸೆಪ್ಟೆಂಬರ್ ಒಂದಕ್ಕೆ 2,400 ಡಾಲರ್ ಕಟ್ಟಬೇಕು, ಮನೆಯಲ್ಲಿರುವವರು ಮೂವರು. ದಾವಣಗೆರೆಯಿಂದ ಹುಡುಗನ ತಂದೆ ನನಗೆ ಫೋನ್ ಮಾಡಿದರು. "ನೋಡ್ರಿ ಸರ್, ಹುಡುಗ ಇನ್ನೂ ಮನೇಲೇ ಅದಾನೆ. ಕಾಲೇ ಇಡದ ಮನೆಗೆ ಬಾಡಿಗೆ ಯಾಕೆ ಕಟ್ಟಬೇಕು ಹೇಳ್ರಿ? ಬೇಕಾದ್ರೆ ಡಿಪಾಸಿಟ್ ಇಟ್ಕೊಳ್ಳಲಿ, ಬಿಟ್ಟುಬಿಡ್ತೀವಿ." ನಮ್ಮ ಊರಿನ ವ್ಯವಹಾರದ ಪ್ರಕಾರ ಅವರ ಮಾತು ಪೂರಾ ನ್ಯಾಯ. ಮನೆ ಹಿಡಿದವನು ಬರಲಿಲ್ಲ, ಅಡ್ವಾನ್ಸ್ ಹೋಯಿತು, ಲೆಕ್ಕ ಮುಗಿಯಿತು ಎಂದೇ ನಾವೆಲ್ಲ ಅಂದುಕೊಳ್ಳುವುದು.

ಆದರೆ ಕರಾರಿನಲ್ಲಿ ಒಂದು ಷರತ್ತಿತ್ತು. ನಾಲ್ವರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು ಎಂದು. ಮನೆಯವರ ಲೆಕ್ಕದಲ್ಲಿ ಒಬ್ಬೊಬ್ಬನ 600 ಡಾಲರ್ ಎಂಬುದೇ ಇಲ್ಲ. ಇರುವುದು ಒಂದೇ 2,400. ಆ ಹಣವನ್ನು ನಾಲ್ವರಲ್ಲಿ ಯಾರಿಂದ ಬೇಕಾದರೂ ಎಷ್ಟು ಬೇಕಾದರೂ ವಸೂಲು ಮಾಡಬಹುದು. 600 ಎಂದು ಭಾಗ ಮಾಡಿಕೊಂಡದ್ದು ಹುಡುಗರ ಒಳಗಿನ ಒಪ್ಪಂದ ಮಾತ್ರ. ಮೂವರು ತಂತಮ್ಮ ಪಾಲು ಸೇರಿಸಿ 1,800 ಕಟ್ಟಿ "ನಮ್ಮದು ಆಯಿತು" ಎನ್ನುವಂತಿಲ್ಲ. ಬಾಕಿ ಉಳಿದರೆ ಇಲಿನಾಯ್ ಕಾನೂನಿನಂತೆ ಐದು ದಿನದ ನೋಟಿಸ್ ಕೊಟ್ಟು ಮನೆ ಬಿಡಿಸುವ ಮೊಕದ್ದಮೆ ಹೂಡಬಹುದು. ಮೊಕದ್ದಮೆ ಕೊನೆಗೆ ಏನಾದರೂ ಆಗಲಿ, ಹೂಡಿದ ದಾಖಲೆ ಮುಂದೆ ಮನೆ ಕೇಳಿದಾಗ ಎದುರಿಗೆ ಬರಬಹುದು. ಅಮೆರಿಕದಲ್ಲಿ ಇನ್ನೂ ಹೆಸರೇ ಮೂಡದ ವಿದ್ಯಾರ್ಥಿಗೆ ಮೊದಲ ದಾಖಲೆಯೇ ಇದಾದರೆ ತುಂಬ ಕಷ್ಟ.

ಮೂವರೂ 800ರಂತೆ ಹಾಕಿ ಸೆಪ್ಟೆಂಬರ್ ಕಟ್ಟಿದರು. ಹೆಚ್ಚುವರಿ 200 ಡಾಲರ್ ಎಂದರೆ ಮನೆಯಲ್ಲೇ ಅಡುಗೆ ಮಾಡಿಕೊಂಡು ತಿನ್ನುವವನ ಒಂದು ತಿಂಗಳ ದಿನಸಿಯ ಹತ್ತಿರದ ಹಣ. ಎಫ್-1 ವಿದ್ಯಾರ್ಥಿ ತರಗತಿ ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಮೈಸೂರಿನವನಿಗೆ ಆಗ ಆ ಕೆಲಸವೂ ಇರಲಿಲ್ಲ. ಸಹಜವಾಗಿ ಮಾತು ಬಿಸಿಯಾಯಿತು. ಗುಂಪಿನಲ್ಲಿ ಪುಣೆಯವನು ಒರಟಾಗಿ ಏನೋ ಬರೆದ. ದಾವಣಗೆರೆಯವನು ಎರಡು ದಿನ ಉತ್ತರ ಕೊಡಲಿಲ್ಲ. ಅವನ ಮೌನ ಇವರಿಗೆ ಜಾರಿಕೊಳ್ಳುವಿಕೆಯಾಗಿ ಕಂಡಿತು. ಅವನಾದರೋ ಅಪ್ಪನ ಮುಂದೆ ದುಡ್ಡಿನ ಮಾತೆತ್ತಲಾರದೆ ಒದ್ದಾಡುತ್ತಿದ್ದ. ಆಗ ವಿಜಯವಾಡದವನು ಮಾಡಿದ ಒಂದು ಕೆಲಸ ಸಂಬಂಧವನ್ನು ಉಳಿಸಿತು: ಮೂವರು ಕೊಟ್ಟ 200ಗಳನ್ನು ಸ್ಪ್ಲಿಟ್‌ವೈಸ್ ಎಂಬ ಲೆಕ್ಕದ ಆ್ಯಪಿನಲ್ಲಿ ದಾವಣಗೆರೆಯವನಿಗೆ ಕೊಟ್ಟ ಸಾಲವೆಂದು ನಮೂದಿಸಿ, ಅವನಿಂದ ಒಪ್ಪಿಗೆ ಬರೆಸಿಕೊಂಡ. ಬಾಯಿಮಾತಿನ ಜಗಳ ಅಂದಿನಿಂದ ಲೆಕ್ಕದ ಮಾತಾಯಿತು.

ಕರಾರನ್ನು ಓದಿಸಿದ್ದು

ವಿಶ್ವವಿದ್ಯಾಲಯದಲ್ಲಿ ಆಫ್-ಕ್ಯಾಂಪಸ್ ಕಮ್ಯುನಿಟಿ ಲಿವಿಂಗ್ ಎಂಬ ಕಚೇರಿಯಿದೆ. ಹಿಂದೆ ಇದನ್ನು ಟೆನಂಟ್ ಯೂನಿಯನ್ ಎನ್ನುತ್ತಿದ್ದರು. ವಿದ್ಯಾರ್ಥಿಗಳ ಬಾಡಿಗೆ ಕರಾರನ್ನು ಉಚಿತವಾಗಿ ಓದಿ, ಯಾವ ಷರತ್ತಿನ ಅರ್ಥವೇನು ಎಂದು ತಿಳಿಸಿಕೊಡುತ್ತಾರೆ. ಸಹಿ ಹಾಕುವ ಮೊದಲೇ ಕಳಿಸಿದರೂ ಓದಿಕೊಡುತ್ತಾರೆ. ಅದಕ್ಕಾಗಿ ಅಮೆರಿಕಕ್ಕೆ ಬಂದಿಳಿಯುವವರೆಗೆ ಕಾಯಬೇಕಾಗಿಲ್ಲ. ಇಷ್ಟು ಒಳ್ಳೆಯ ಸೌಲಭ್ಯವನ್ನು ನಮ್ಮ ಮಕ್ಕಳು ಬಳಸಿಕೊಳ್ಳುವುದು ತೊಂದರೆಯಾದ ಮೇಲೆಯೇ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಲ್ಲಿ ಮೂರು ವಿಷಯ ತಿಳಿಯಿತು. ಜಂಟಿ ಹೊಣೆಯ ಷರತ್ತು ಗಟ್ಟಿಯಾಗಿದೆ. ಮನೆಯವರ ಲಿಖಿತ ಒಪ್ಪಿಗೆ ಪಡೆದು 100 ಡಾಲರ್ ಶುಲ್ಕ ಕಟ್ಟಿದರೆ ಸಬ್‌ಲೀಸ್ ಮಾಡಬಹುದು, ಅಂದರೆ ತನ್ನ ಕೋಣೆಯನ್ನು ಇನ್ನೊಬ್ಬನಿಗೆ ಬಾಡಿಗೆಗೆ ಕೊಡಬಹುದು. ಮೂರನೆಯದು ಕಾನೂನಿನ ಮಾತು. ಬಾಡಿಗೆದಾರ ನಡುವೆ ಬಿಟ್ಟು ಹೋದರೆ, ಮನೆಯವರು ಸುಮ್ಮನೆ ಕೂತು ವರ್ಷದ ಬಾಡಿಗೆ ಕೇಳುವಂತಿಲ್ಲ. ನಷ್ಟ ಕಡಿಮೆ ಮಾಡಲು ಮನೆಯನ್ನು ಮತ್ತೆ ಬಾಡಿಗೆಗೆ ಕೊಡುವ ತಕ್ಕಮಟ್ಟಿನ ಪ್ರಯತ್ನ ಮಾಡಲೇಬೇಕು ಎಂದು ಇಲಿನಾಯ್ ಕಾನೂನಿನಲ್ಲಿ 1984ರಿಂದ ಇದೆ. ಇದನ್ನು ಕೇಳಿ ಹುಡುಗರಿಗೆ ಜೀವ ಬಂದಂತಾಯಿತು. ಆದರೆ ಈ ರಕ್ಷಣೆ ಒಬ್ಬನೇ ಹಿಡಿದ ಮನೆಗೆ ಒದಗುವಷ್ಟು ಜಂಟಿ ಕರಾರಿಗೆ ಒದಗುವುದಿಲ್ಲ. ಮೂವರು ಮನೆಯಲ್ಲೇ ಇದ್ದಾರೆ, ಬಾಡಿಗೆ ಪೂರ್ತಿ ಬರುತ್ತಿದೆ. ಹಾಗಿರುವಾಗ ಮನೆಯವರಿಗೆ ನಷ್ಟವೇ ಆಗಿಲ್ಲ. ಒಂದು ಕೋಣೆಯನ್ನು ಮಾತ್ರ ಬಿಡಿಸಿ ಬೇರೆಯವರಿಗೆ ಕೊಡುವ ಹೊಣೆ ಅವರ ಮೇಲೆ ಬೀಳಲಿಲ್ಲ. ಕೋಣೆ ತುಂಬಿಸುವುದು ಹುಡುಗರ ಪಾಲಿಗೇ ಬಂತು.

ಸಬ್‌ಲೀಸ್ ಮಾಡುವುದೋ ರಿಲೆಟ್ ಮಾಡುವುದೋ ಎಂಬ ಪ್ರಶ್ನೆ ಎದ್ದಿತು. ರಿಲೆಟ್ ಎಂದರೆ ಹೊಸಬ ನೇರವಾಗಿ ಮನೆಯವರ ಜೊತೆ ಕರಾರು ಮಾಡಿಕೊಂಡು, ಹಳಬನ ಹೆಸರು ಪೂರ್ತಿ ಹೋಗುವುದು. ಸಬ್‌ಲೀಸಿನಲ್ಲಿ ಹಳಬನ ಹೆಸರು ಉಳಿಯುತ್ತದೆ. ಹೊಸಬ ಕೊಡದಿದ್ದರೆ ಹೊಣೆ ಮತ್ತೆ ಹಳಬರ ತಲೆಗೇ ಬರುತ್ತದೆ. ತಂದೆಗೆ ರಿಲೆಟ್ ಬೇಕಿತ್ತು, ಪೂರಾ ಕೈತೊಳೆದುಕೊಳ್ಳಬಹುದಲ್ಲ ಎಂದು. ಆದರೆ ಜನವರಿಯಲ್ಲಿ ಹುಡುಗ ಬರುವುದಾದರೆ ಆಗ ಮತ್ತೆ ಮನೆ ಹುಡುಕಬೇಕು. ಅಲ್ಲದೆ ಸೆಪ್ಟೆಂಬರಿನಲ್ಲಿ ಹನ್ನೊಂದು ತಿಂಗಳ ಮಟ್ಟಿಗೆ ಮನೆ ಕೇಳುವವರು ಯಾರು? ಎಲ್ಲರೂ ಆಗಲೇ ಮನೆ ಸೇರಿರುತ್ತಾರೆ. ಯೋಚಿಸಿ ನೋಡಿದಾಗ ಸೆಪ್ಟೆಂಬರಿನಲ್ಲಿ ಮನೆ ಇಲ್ಲದೆ ಪರದಾಡುವ ಒಂದು ಗುಂಪು ಇದ್ದೇ ಇರುತ್ತದೆ: ವಿನಿಮಯ ಕಾರ್ಯಕ್ರಮದಲ್ಲಿ ಒಂದೇ ಸೆಮಿಸ್ಟರಿಗೆ ಬರುವವರು. ಅವರಿಗೆ ಹನ್ನೆರಡು ತಿಂಗಳ ಲೀಸ್ ಬೇಡ, ನಾಲ್ಕು ತಿಂಗಳಿಗೆ ಮನೆ ಕೊಡುವವರು ಸಿಗುವುದಿಲ್ಲ. ಇವರಿಗೆ ಬೇಕಾದದ್ದು ಅವರೇ.

ಸಬ್‌ಲೆಟ್ ಜಾಹೀರಾತಿನಿಂದ ಜರ್ಮನಿಯ ಒಬ್ಬ ವಿದ್ಯಾರ್ಥಿ ಸಿಕ್ಕಿದ. ಬಂದಾಗಿನಿಂದ ಅಲ್ಲಿಲ್ಲಿ ತಾತ್ಕಾಲಿಕವಾಗಿ ತಂಗಿದ್ದ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತಿಂಗಳಿಗೆ 450 ಕೊಡುವುದೆಂದು ಮಾತಾಯಿತು. ಉಳಿದ 150 ದಾವಣಗೆರೆಯಿಂದ ಬರಬೇಕು. ದಾವಣಗೆರೆಯವನೇ ಸಬ್‌ಲೀಸ್ ಕೊಡುವವನಾಗಿ ಅಲ್ಲಿಂದಲೇ ಆನ್‌ಲೈನಿನಲ್ಲಿ ಸಹಿ ಮಾಡಿದ, ಮೂವರು ಒಪ್ಪಿಗೆ ಬರೆದರು, ಮನೆಯವರು ಲಿಖಿತ ಒಪ್ಪಿಗೆ ಕಳಿಸಿದರು. ಕೋಣೆಯ ಗೋಡೆ, ಹಾಸಿಗೆ, ಕಾರ್ಪೆಟ್, ಕಿಟಕಿಯ ಬ್ಲೈಂಡ್ ಎಲ್ಲದರ ಫೋಟೊ ತೆಗೆದು ದಿನಾಂಕ ಸಮೇತ ಇಬ್ಬರ ಈಮೇಲಿಗೂ ಹಾಕಿಕೊಂಡರು.

ಕೊನೆಗೆ ದಾವಣಗೆರೆಯ ಮನೆಗೆ ಬಿದ್ದ ಹೊರೆ ಹೀಗೆ: ಆಗಸ್ಟಿಗೆ 600, ಸೆಪ್ಟೆಂಬರಿಗೆ 600, ಮೂರು ತಿಂಗಳ ವ್ಯತ್ಯಾಸ 450, ಶುಲ್ಕ 100. ಒಟ್ಟು 1,750 ಡಾಲರ್, ರೂಪಾಯಿಯಲ್ಲಿ ಸುಮಾರು ಒಂದೂವರೆ ಲಕ್ಷ. ಜಂಟಿ ಹೊಣೆಯ ಷರತ್ತನ್ನು ಸಾಲುಸಾಲಾಗಿ ಕನ್ನಡದಲ್ಲಿ ವಿವರಿಸಿದ ಮೇಲೆ ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮೂರು ಹುಡುಗ್ರು ಏನ್ ತಪ್ಪು ಮಾಡ್ಯಾರೆ ಸರ್, ಅವರ ದುಡ್ಡು ಇಟ್ಕೊಳ್ಳಂಗಿಲ್ಲ" ಎಂದರು. ಎರಡು ಕಂತಿನಲ್ಲಿ ಹಣ ಕಳಿಸಿದರು. ಸಾಲ ಮಾಡಿ ಮಗನನ್ನು ಓದಿಸುವ ಮನೆ ಅದು. ಅವರ ಮೇಲಿನ ಗೌರವ ನನಗೆ ಅಂದು ಇಮ್ಮಡಿಯಾಯಿತು.

ಮನೆಯೊಳಗೆ

ಜರ್ಮನಿಯವನು ಬಂದ ಮೊದಲ ವಾರವೇ ಮೈಸೂರಿನವನು ಸಾರಿಗೆ ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಕಿವಿ ಹರಿಯುವಂತೆ ಕೂಗಿತು. ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ತಳ್ಳುವುದಿಲ್ಲ. ಜಾಲರಿಯಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಜೊತೆಗೆ ಕರೆಂಟಿನ ಸುರುಳಿ ಒಲೆ. ಗ್ಯಾಸ್ ಒಲೆಯಲ್ಲಾದರೆ ಸಾಸಿವೆ ಸಿಡಿದ ಕೂಡಲೇ ಉರಿ ಆರಿಸಿದರೆ ಸಾಕು. ಸುರುಳಿಯನ್ನು ಆರಿಸಿದರೂ ಅದರ ಕಾವು ನಿಮಿಷಗಟ್ಟಲೆ ಇಳಿಯುವುದಿಲ್ಲ, ಎಣ್ಣೆ ಸುಡುತ್ತಲೇ ಇರುತ್ತದೆ. ಸಾಸಿವೆ ಹಾಕುವ ಮೊದಲೇ ಕಿಟಕಿ ತೆರೆದಿಟ್ಟು, ಸಿಡಿಯತೊಡಗಿದ ಕೂಡಲೇ ಬಾಣಲೆಯನ್ನು ಒಲೆಯಿಂದ ಎತ್ತಿ ಪಕ್ಕಕ್ಕಿಡುವುದನ್ನು ಅವನು ರೂಢಿ ಮಾಡಿಕೊಂಡ. ಅಲಾರಮ್ಮಿನ ಬ್ಯಾಟರಿ ಕಿತ್ತಿಡುವವರನ್ನು ನಾನು ಕಂಡಿದ್ದೇನೆ. ಅದು ಕರಾರಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ನಾಲ್ಕು ಜೀವದ ಪ್ರಶ್ನೆ. ದಯವಿಟ್ಟು ಮಾಡಬೇಡಿ.

ಸುರುಳಿಯ ಕೆಳಗೆ ಡ್ರಿಪ್ ಪ್ಯಾನ್ ಎಂಬ ತಗಡಿನ ಬಟ್ಟಲಿರುತ್ತದೆ. ಹಾಲು ಉಕ್ಕಿದರೆ, ಕುಕ್ಕರಿನಿಂದ ಬೇಳೆಯ ನೊರೆ ಚೆಲ್ಲಿದರೆ ಅಲ್ಲಿ ಸುಟ್ಟು ಕಪ್ಪಗೆ ಹತ್ತುತ್ತದೆ. ಮನೆ ಬಿಡುವಾಗ ಡಿಪಾಸಿಟ್ಟಿನಲ್ಲಿ ಕಡಿತ ಮಾಡುವ ಪಟ್ಟಿಯಲ್ಲಿ ಇದು ಮೇಲಿಂದ ಮೇಲೆ ಕಾಣುವ ಬಾಬತ್ತು. ಅಂಗಡಿಯಲ್ಲಿ ಹೊಸದು ಅಗ್ಗಕ್ಕೇ ಸಿಗುತ್ತದೆ. ನಾವೇ ತಂದು ಬದಲಾಯಿಸಿದರೆ ಆಯಿತು. ಐದು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವಾದರೆ, ಡಿಪಾಸಿಟ್ಟಿನಿಂದ ಏನೇ ಕಡಿತ ಮಾಡುವುದಿದ್ದರೂ ಮನೆ ಬಿಟ್ಟ 30 ದಿನದೊಳಗೆ ಬಾಬತ್ತುವಾರು ಪಟ್ಟಿ ಕೊಡಬೇಕು, ಇಲ್ಲವಾದರೆ 45 ದಿನದೊಳಗೆ ಹಣ ಪೂರ್ತಿ ವಾಪಸು ಮಾಡಬೇಕು ಎಂಬುದು ಇಲಿನಾಯ್ ಕಾನೂನು. ದುರುದ್ದೇಶದಿಂದ ಹಣ ತಡೆದರೆ ಕೋರ್ಟು ಎರಡು ಪಟ್ಟು ಕೊಡಿಸಬಹುದು. ಇದು ತಿಳಿದಿದ್ದರೆ ಬರೆಯುವ ಈಮೇಲಿನ ದನಿಯೇ ಬೇರೆಯಾಗುತ್ತದೆ.

ಇನ್ನು ಸಣ್ಣಪುಟ್ಟದ್ದು. ಮನೆಯಿಂದ ತಂದ ಮಿಕ್ಸಿ ಇಲ್ಲಿನ 120 ವೋಲ್ಟಿಗೆ ಓಡುವುದಿಲ್ಲ. ಕುಕ್ಕರ್ ತನ್ನಿ, ಮಿಕ್ಸಿ ಇಲ್ಲೇ ಕೊಳ್ಳಿ. ಕರೆಂಟ್, ಗ್ಯಾಸಿನ ಖಾತೆ ಅಮೆರೆನ್ ಕಂಪನಿಯದು, ಟಿ.ಎ. (ಪಾಠದ ಸಹಾಯಕ) ಕೆಲಸ ಸಿಕ್ಕಿ ಎಸ್‌ಎಸ್‌ಎನ್ ಪಡೆದಿದ್ದ ವಿಜಯವಾಡದವನ ಹೆಸರಿನಲ್ಲಿ ಮಾಡಿಸಿದರು. ಬಸ್ಸಿನ ಖರ್ಚಿಲ್ಲ, ವಿಶ್ವವಿದ್ಯಾಲಯದ ಐ-ಕಾರ್ಡ್ ತೋರಿಸಿದರೆ ಊರಿನ ಎಂಟಿಡಿ ಬಸ್ ಹತ್ತಬಹುದು. ಚಳಿಗಾಲದ ರಜೆಗೆ ಎಲ್ಲರೂ ಹೊರಟಾಗ ಬಿಲ್ ಉಳಿಸಲೆಂದು ಪುಣೆಯವನು ಹೀಟರ್ ಆರಿಸಲು ಹೊರಟಿದ್ದ. ಕರಾರಿನಲ್ಲಿ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಸಬಾರದೆಂದು ಇತ್ತು. ಕೊಳಾಯಿಯಲ್ಲಿ ನೀರು ಹೆಪ್ಪುಗಟ್ಟಿ ಪೈಪ್ ಒಡೆದರೆ ರಿಪೇರಿಯ ಬಿಲ್ಲೂ ಜಂಟಿಯೇ.

ಜನವರಿಯ ನಂತರ

ನವೆಂಬರಿನಲ್ಲಿ ವೀಸಾ ಬಂತು. ಹೊಸ ದಿನಾಂಕದ ಐ-20 ಹಿಡಿದು ಜನವರಿ ಮೊದಲ ವಾರ ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದ. ಐ-20ಯಲ್ಲಿರುವ ಆರಂಭದ ದಿನಕ್ಕಿಂತ 30 ದಿನ ಮೊದಲಷ್ಟೇ ದೇಶದೊಳಗೆ ಬರಬಹುದು. ಆಗಸ್ಟಿನಲ್ಲಿ ಬರುವವರು ಇದನ್ನೂ ಲೀಸ್ ಶುರುವಾಗುವ ದಿನವನ್ನೂ ಹೊಂದಿಸಿಕೊಂಡು ಟಿಕೆಟ್ ಮಾಡಿಸಬೇಕು. ಇಲ್ಲದಿದ್ದರೆ ಸೂಟ್‌ಕೇಸ್ ಹಿಡಿದು ಪರಿಚಯದವರ ಮನೆಯ ಸೋಫಾ ಹುಡುಕಬೇಕಾಗುತ್ತದೆ. ಜನವರಿಯಲ್ಲಿ ಬಂದ ಇವನಿಗೆ ಆ ತೊಂದರೆ ಇರಲಿಲ್ಲ. ಜರ್ಮನಿಯವನು ಡಿಸೆಂಬರಿನಲ್ಲೇ ಕೋಣೆ ಖಾಲಿ ಮಾಡಿದ್ದ, ಹಳೆಯ ಫೋಟೊಗಳ ಜೊತೆ ಕೋಣೆಯನ್ನು ತಾಳೆ ನೋಡಿ ಲೆಕ್ಕ ಮುಗಿಸಿದರು. ಮುಂದೆ ಮನೆ ಬದಲಿಸಿದರೆ 10 ದಿನದೊಳಗೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೊಸ ವಿಳಾಸ ತಿಳಿಸಬೇಕು ಎಂಬುದನ್ನು ಮಾತ್ರ ನಾನು ಎರಡು ಸಲ ಹೇಳಿದೆ. ವಿಳಾಸ ಎಂದರೆ ಚಿಲ್ಲರೆ ವಿಷಯ ಎಂದುಕೊಂಡು ಬಿಡುವವರಿದ್ದಾರೆ. ಎಫ್-1 ಸ್ಥಾನಮಾನವನ್ನು ಉಳಿಸಿಕೊಳ್ಳುವ ನಿಯಮಗಳಲ್ಲಿ ಅದೂ ಒಂದು.

ಈ ನಡುವೆ ಅಕ್ಟೋಬರಿನಲ್ಲೇ ಮನೆಯವರು ಲೀಸ್ ಮುಂದುವರಿಸುತ್ತೀರಾ ಎಂದು ಕೇಳಿದ್ದರು. ಒಬ್ಬನ ವೀಸಾ ಇನ್ನೂ ತೂಗಾಡುತ್ತಿದ್ದ ಸಮಯ ಅದು. ಕಡಿಮೆ ದರದ ಆಮಿಷವೂ ಇತ್ತು. ಮೂವರೂ ಒತ್ತಡಕ್ಕೆ ಮಣಿಯದೆ ಬೇಡವೆಂದರು. ಈ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಅದೇ ಎಂದು ನನಗನ್ನಿಸುತ್ತದೆ.

ವೀಸಾ ಕೈಗೆ ಬರದ ವಿದ್ಯಾರ್ಥಿ ಜಂಟಿ ಕರಾರಿಗೆ ಸಹಿ ಹಾಕಬಾರದು. ವೀಸಾ ಬಂದವರೂ ಅಂಥವನ ಜೊತೆ ಸಹಿ ಹಾಕಬಾರದು. ಸ್ನೇಹಕ್ಕೆ ಇದರಿಂದ ಧಕ್ಕೆಯಾಗುತ್ತದೆ ಎಂದುಕೊಳ್ಳಬೇಕಿಲ್ಲ. ಒಂದೊಂದು ಕೋಣೆಗೂ ಬೇರೆ ಲೀಸ್ ಕೊಡುವ ದೊಡ್ಡ ವಿದ್ಯಾರ್ಥಿ ವಸತಿಗಳು ಇಲ್ಲಿ ಸಾಕಷ್ಟಿವೆ. ಬಾಡಿಗೆ ಹೆಚ್ಚು, ಪಕ್ಕದ ಕೋಣೆಗೆ ಯಾರು ಬರುತ್ತಾರೋ ಹೇಳಲಾಗದು. ಆದರೆ ಪಕ್ಕದವನು ಬರದಿದ್ದರೆ ಅವನ ಬಿಲ್ ನಿಮಗೆ ಬರುವುದಿಲ್ಲ. ತಿಂಗಳಿಗೆ ಐವತ್ತು ನೂರು ಡಾಲರ್ ಹೆಚ್ಚಾದರೂ ಮೊದಲ ವರ್ಷಕ್ಕೆ ನಾನು ಅದನ್ನೇ ಹೇಳುತ್ತೇನೆ. ಮೊದಲ ಸೆಮಿಸ್ಟರ್ ಯಾರದೋ ಸಬ್‌ಲೀಸಿನಲ್ಲಿ ಕಳೆದು, ಊರು ಕಂಡು, ಆಮೇಲೆ ಮನೆ ಹಿಡಿಯುವುದೂ ಒಳ್ಳೆಯ ದಾರಿ. ಇಬ್ಬರ ಹೆಸರಿನಲ್ಲಿ ಮನೆ ಹಿಡಿದು ಹಾಲಿನಲ್ಲಿ ಹಾಸಿಗೆ ಹಾಕಿ ಐದು ಜನ ಇರುವ 'ಹಾಲ್ ಸ್ಪಾಟ್' ಪದ್ಧತಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಕರಾರಿನಲ್ಲಿ ಹೆಸರಿಲ್ಲದವನಿಗೆ ಮನೆಯಲ್ಲಿ ಯಾವ ಹಕ್ಕೂ ಇಲ್ಲ, ಬೆಂಕಿ ಬಿದ್ದರೆ ವಿಮೆಯೂ ಸಿಗದೆ ಹೋಗಬಹುದು.

ಮೈಸೂರಿನವನಿಗೆ ಬೇಸಿಗೆಗೆ ಬೇರೆ ಊರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಅವನ ಕೋಣೆಯನ್ನು ಸಬ್‌ಲೀಸಿಗೆ ಹಾಕಿದ್ದಾನೆ. ಊರಿಗೆ ಊರೇ ಖಾಲಿಯಾಗುವ ಕಾಲ ಅದು, ಬಾಡಿಗೆಯ ಅರ್ಧ ಸಿಕ್ಕರೂ ದೊಡ್ಡದು; ಅದಕ್ಕೇ ಮಾರ್ಚ್ ಬರುವ ಮೊದಲೇ ಜಾಹೀರಾತು ಕೊಟ್ಟ. ಜುಲೈ ಕೊನೆಗೆ ಲೀಸ್ ಮುಗಿದು ಹೊಸದು ಆಗಸ್ಟ್ ನಡುವೆ ಶುರುವಾಗುವ ಎರಡು ವಾರಕ್ಕೆ ಸಾಮಾನಿಡಲು ನಾಲ್ವರೂ ಸೇರಿ ಒಂದು ಸ್ಟೋರೇಜ್ ಯೂನಿಟ್ ಹಿಡಿಯಲಿದ್ದಾರೆ.

ಮುಂದಿನ ವರ್ಷಕ್ಕೆ ದಾವಣಗೆರೆಯವನೂ ಮೈಸೂರಿನವನೂ ಮೂರು ಕೋಣೆಯ ಒಂದು ಮನೆ ನೋಡಿದ್ದಾರೆ. ಮೂರನೆಯವನು ಭಾರತದಿಂದ ಈ ಆಗಸ್ಟಿಗೆ ಬರಬೇಕಾದ ಹೊಸ ವಿದ್ಯಾರ್ಥಿ. ವೀಸಾ ಸಂದರ್ಶನ ಇನ್ನೂ ಆಗಿಲ್ಲ. ಕರಾರು ಜಂಟಿಯೇ. ಆದರೆ ಸಹಿಗೆ ಮೊದಲು ದಾವಣಗೆರೆಯವನು ಒಂದು ಷರತ್ತು ಸೇರಿಸಲು ಕೇಳಿದ: ಜುಲೈ 15ರೊಳಗೆ ವೀಸಾ ಬರದಿದ್ದರೆ, 221(ಜಿ) ಚೀಟಿಯನ್ನೂ ಬರದ ಲೆಕ್ಕಕ್ಕೇ ಹಿಡಿದು, ಮೂರನೆಯವನ ಹೆಸರನ್ನು ಕರಾರಿನಿಂದ ತೆಗೆಯಬೇಕು, ಆ ಕೋಣೆಯನ್ನು ಮತ್ತೆ ಬಾಡಿಗೆಗೆ ಕೊಡುವ ಹೊಣೆ ಮನೆಯವರದು, ಉಳಿದಿಬ್ಬರು ತಂತಮ್ಮ ಪಾಲಿಗಷ್ಟೇ ಹೊಣೆ. ಮನೆ ಬಾಡಿಗೆಗೆ ಕೊಡುವ ಕಂಪನಿಯವರು ಒಂದು ವಾರ ತೆಗೆದುಕೊಂಡರು. ದಿನಾಂಕವನ್ನು ಜುಲೈ 1ಕ್ಕೆ ಹಿಂದೆ ಸರಿಸಿ, ಹಾಗೆ ಬಿಡಿಸಿಕೊಳ್ಳುವವನ ಡಿಪಾಸಿಟ್ ತಮಗೇ ಉಳಿಯಬೇಕೆಂದು ಸೇರಿಸಿ, ಉಳಿದದ್ದನ್ನು ಒಪ್ಪಿ ಕಳಿಸಿದರು. ಆಫ್-ಕ್ಯಾಂಪಸ್ ಕಚೇರಿಯಲ್ಲಿ ಓದಿಸಿದ ಮೇಲೆ ಮೂವರೂ ಸಹಿ ಹಾಕಿದ್ದಾರೆ.